ಉಲ್ಟಾ ಸುತ್ತಿನ ಹೊದಿಕೆ

"ಬಿಡ್ರೀ ಅದನ್ನ! ಎಳೀಬೇಡಿ... ಎಳೀಬೇಡಿ ಅಂದ್ನಲ್ಲ!"

ಅವಳು ಬೆಚ್ಚಿಬಿದ್ದು ತಲೆಯೆತ್ತಿದಳು.

ಹಳೇ ಬಟ್ಟೆ ಮಾರುವ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಆಗಷ್ಟೇ ಕೊಂಡ ದುಂಡನೆಯ ಉಲ್ಲನ್ ಹೊದಿಕೆ. ಕೈಯಲ್ಲಿ ಅದರಿಂದಲೇ ಬಿಚ್ಚಿ ಸುತ್ತಿದ ನೂಲಿನ ಉಂಡೆ. ಹೊದಿಕೆಯ ಹೊರ ಅಂಚು ಆಗಲೇ ಅರ್ಧದವರೆಗೆ ಕರಗಿಹೋಗಿತ್ತು.

ಎದುರಿಗೆ ಒಬ್ಬ ಗಂಡಸು. ಲಿಫ್ಟ್ ಕಂಪನಿಯ ಅಂಗಿ, ಮೊಣಕೈವರೆಗೆ ಗ್ರೀಸು. ಓಡಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಏನ್ರೀ ನಿಮ್ಮದು? ದುಡ್ಡು ಕೊಟ್ಟು ತಗೊಂಡಿದೀನಿ."

"ಅದು ಮಾರೋಕಿದ್ದದ್ದಲ್ಲ! ನಮ್ಮಕ್ಕ ಮನೆ ಕ್ಲೀನ್ ಮಾಡ್ತೀನಿ ಅಂತ ಹಳೇ ಬಟ್ಟೆ ಜೊತೆ ಇದನ್ನೂ ತುಂಬಿಸಿ ಕಳಿಸಿಬಿಟ್ಟಿದಾಳೆ. ನೀವು ನೋಡಿದ್ರೆ ಕೋಳಿ ಪುಕ್ಕ ಕಿತ್ತಂಗೆ ಕೀಳ್ತಿದೀರಿ..."

"ಒಳ್ಳೆ ನೂಲು. ಅಂಗಡೀಲಿ ಹೊಸದು ತಗೊಂಡ್ರೆ ಇಂಥದ್ದು ಸಿಗಲ್ಲ. ಅದಕ್ಕೇ ಹಳೇದನ್ನ ಬಿಚ್ಚಿ ಬೇರೆ ಮಾಡ್ಕೋತೀನಿ."

"ಅದನ್ನ ಕೂತು ಹೆಣೆದೋರಿದ್ದಾರೆ ಅನ್ನೋದು ನಿಮ್ಮ ತಲೆಗೆ ಬರಲ್ವಾ?"

ಮಾತು ಚುರುಕ್ಕೆಂದಿತು. ಅವಳ ದನಿ ಸಣ್ಣಗಾಯಿತು. "ಯಾರು ಹೆಣೆದದ್ದು?"

ಅವನು ಹಿಂದಿರುಗಿ ನೋಡಿದ. ರಸ್ತೆಯ ಆ ಬದಿಯಲ್ಲಿ ಅವನ ಜೊತೆ ಕೆಲಸದವನು, ದಪ್ಪ ಮೀಸೆಯವನು, ಗಾಡಿಯ ಬಾಗಿಲಿಗೆ ಒರಗಿ ಇವರನ್ನೇ ನೋಡುತ್ತಿದ್ದ.

"ನಮ್ಮಮ್ಮ," ಎಂದ ಅವನು. "ನಮ್ಮಮ್ಮ ಹೆಣೆದಿದ್ದು."

ಅಷ್ಟೇ. ಅವಳ ಕೈಯಲ್ಲಿದ್ದ ಉಂಡೆ ಕಲ್ಲಿನಷ್ಟು ಭಾರವಾಯಿತು.

"ನಾನೇ ಮತ್ತೆ ಹೆಣೆದು ಕೊಡ್ತೀನಿ," ಎಂದಳು. "ಮಾರ್ಕೆಟ್ ಕಟ್ಟಡದ ಮೇಲಿನ ಮಹಡೀಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇದೆಯಲ್ಲ, ಅಲ್ಲಿಗೆ ಬನ್ನಿ."

"ಲಿಫ್ಟ್ ಕೆಟ್ಟು ಕೂತಿರೋ ಕಟ್ಟಡಾನಾ?"

"ಹೂಂ, ಅದೇ."

"ಅದನ್ನ ಸರಿ ಮಾಡೋಕೆ ಬಂದಿರೋರೇ ನಾವು," ಎಂದ, ಮುಖ ಗಂಟಿಕ್ಕಿಕೊಂಡೇ.

*

ಅಂಗಡಿ ಅವಳ ಚಿಕ್ಕಮ್ಮನದು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಹೊಟ್ಟೆ ಬಂದವರಿಗೆ ಸೊಂಟ ಬಿಡಿಸಿಕೊಡುವುದು, ಇದೇ ಕೆಲಸ. ಅವಳು ದಿನವಿಡೀ ಮಿಷಿನ್ ತುಳಿದು, ಕೈ ಬಿಡುವಾದ ತಕ್ಷಣ ಮೇಜಿನ ಕೆಳಗಿಂದ ಕೊಕ್ಕೆ ತುದಿಯ ಕ್ರೋಶೆ ಕಡ್ಡಿ, ನೂಲು ತೆಗೆಯುತ್ತಿದ್ದಳು. ಅದಕ್ಕೇ ಕಟ್ಟಡದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಉಂಡೆ ಅಂತ. ಅವಳಿಗೆ ಬೇಜಾರಿರಲಿಲ್ಲ.

ಏನು ಹೆಣೆಯುವುದು ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಸುಮ್ಮನೆ ಸುತ್ತ ಕಣ್ಣಾಡಿಸುತ್ತಿದ್ದಳು. ಕತ್ತರಿ ಜಾರಿ ಬೀಳುತ್ತಿದೆಯಾ? ಅದಕ್ಕೊಂದು ಚೀಲ. ಕಬ್ಬಿಣದ ಸ್ಟೂಲು ತಣ್ಣಗಿದೆಯಾ? ಅದಕ್ಕೊಂದು ದಿಂಬು. ಕೆಳಗಿನ ಚಪ್ಪಲಿ ಅಂಗಡಿಯವರ ಮಗುವಿಗೆ ಕಿವಿ ಮುಚ್ಚುವ ಟೋಪಿ. ಚಿಕ್ಕಮ್ಮನ ಕನ್ನಡಕಕ್ಕೂ ಒಂದು ಅಂಗಿ!

"ನನ್ನ ಬಾಯಿಗೊಂದು ಹೆಣೀಬೇಡ ತಾಯಿ," ಎನ್ನುತ್ತಿದ್ದಳು ಚಿಕ್ಕಮ್ಮ.

"ಅದೇ ಯೋಚನೇಲಿದೀನಿ. ಅಳತೆಗೆ ಅಷ್ಟೊಂದು ನೂಲು ಎಲ್ಲಿ ತರಲಿ?"

ಬಿಚ್ಚಿದ ನೂಲು ಸೊಟ್ಟಸೊಟ್ಟಗೆ ಸುರುಳಿಯಾಗಿರುತ್ತದೆ. ಅದನ್ನು ಒದ್ದೆ ಮಾಡಿ, ತೂಕ ಕಟ್ಟಿ, ಕಿಟಕಿಗೆ ನೇತುಹಾಕಿ ನೆಟ್ಟಗೆ ಮಾಡಿದಳು. ಆಮೇಲೆ ಹೊದಿಕೆಯ ಉಳಿದ ಭಾಗವನ್ನು ಹಿಡಿದು, ಬಿಚ್ಚಿದ್ದು ನಿಂತಲ್ಲಿಂದ ಹೆಣೆಯತೊಡಗಿದಳು.

ಲಿಫ್ಟಿನವನು ಮಧ್ಯಾಹ್ನ ಊಟದ ಹೊತ್ತಿಗೆ ಮಹಡಿ ಹತ್ತಿ ಬರುತ್ತಿದ್ದ. ಮೊದಲೆರಡು ಸಲ ಪೊಲೀಸಿನವನಂತೆ ನಿಂತು ನೋಡಿ ಹೋದ. ಆಮೇಲೆ ಕೂತ. ಆಮೇಲೆ ಡಬ್ಬಿಯನ್ನೂ ತಂದ. ಚಿಕ್ಕಮ್ಮ ಅವನಿಗೆ ಲಿಫ್ಟಣ್ಣ ಅಂತ ಹೆಸರಿಟ್ಟಳು.

"ಲಿಫ್ಟಣ್ಣ, ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಸವೆದುಹೋಯ್ತು. ಕೆಲಸ ಮುಗಿಸೋ ಯೋಚನೆ ಇದೆಯೋ ಇಲ್ವೋ?"

"ಪಾರ್ಟ್ಸ್ ಬರಬೇಕು ಚಿಕ್ಕಮ್ಮ."

"ಪಾರ್ಟ್ಸ್ ಎಲ್ಲಿಂದ ಬರ್ಬೇಕು ಅಂತ ನಂಗೆ ಗೊತ್ತು ಬಿಡು," ಎಂದು ಚಿಕ್ಕಮ್ಮ ಉಂಡೆಯ ಕಡೆ ನೋಡಿದಳು.

ಉಂಡೆ ತಲೆಯೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಒಮ್ಮೆ ಅವನು ತಿನ್ನುತ್ತಿದ್ದವನು ತಟ್ಟನೆ ನಿಲ್ಲಿಸಿದ. "ಅಲ್ಲಿ ಒಂದು ಕಂಬ ಬಿಟ್ಟೋಯ್ತು."

ನೂಲನ್ನು ಮೇಲಕ್ಕೆಳೆದು ಎಬ್ಬಿಸುವ ಪ್ರತಿ ಹೆಣಿಗೆಗೂ ಕಂಬ ಎನ್ನುತ್ತಾರೆ. ಅವಳು ಎಣಿಸಿದಳು. ಹೌದು, ಬಿಟ್ಟುಹೋಗಿತ್ತು!

"ನಿಮಗೆ ಹೇಗೆ ಗೊತ್ತಾಯ್ತು?"

"ಅಮ್ಮ... ಅಮ್ಮ ಮಾಡೋದು ನೋಡಿದೀನಲ್ಲ."

'ಎಷ್ಟು ಗಮನ ಇಟ್ಟು ನೋಡಿರ್ಬೇಕು ತಾಯೀನ,' ಅಂದುಕೊಂಡಳು. ಎದೆಯೊಳಗೆ ಏನೋ ಮೆತ್ತಗಾಯಿತು.

ಆದರೆ ಹೊದಿಕೆ ಮಾತು ಕೇಳುತ್ತಿರಲಿಲ್ಲ. ಅದರ ನಡುವಿನಿಂದ ಉಬ್ಬುಗೆರೆಗಳು ತಲೆಯ ಸುಳಿಯಂತೆ ತಿರುಗುತ್ತ ಹೊರಗೆ ಬರುತ್ತಿದ್ದವು. ಅವಳು ಹೆಣೆದ ಭಾಗ ಶುರುವಾದಲ್ಲಿ ಗೆರೆಗಳು ಸೀದಾ ಹಿಂದಕ್ಕೆ ತಿರುಗಿಬಿಡುತ್ತಿದ್ದವು. ಹೊದಿಕೆಯನ್ನು ಮಗುಚಿ ಹೆಣೆದರೆ ಉಬ್ಬು ಕೆಳಗಾಗಿ ಬೆನ್ನು ಮೇಲಾಗುತ್ತಿತ್ತು. ಮತ್ತೆ ಬಿಚ್ಚಿದಳು. ಮತ್ತೆ ಹೆಣೆದಳು. ಕೊನೆಗೆ ಹೊಳೆಯಿತು.

"ನಿಮ್ಮಮ್ಮ ಎಡಗೈಯವರಾ?"

ಅವನ ಕೈಯ ತುತ್ತು ಡಬ್ಬಿಗೇ ಬಿತ್ತು. "ಯಾಕೆ?"

"ಬಲಗೈಯವರು ಹೆಣೆದ್ರೆ ಸುತ್ತು ಹೀಗೆ ಹೋಗುತ್ತೆ. ಇದು ಉಲ್ಟಾ, ಗಡಿಯಾರದ ಮುಳ್ಳು ತಿರುಗೋ ಕಡೆಗೆ ಹೋಗಿದೆ. ಎಡಗೈಯವರು ಮಾತ್ರ ಹೀಗೆ ಹೆಣೀತಾರೆ."

"ಹೂಂ... ಎಡಗೈ. ಅಮ್ಮ ಎಡಗೈ," ಎಂದು ಡಬ್ಬಿ ಮುಚ್ಚಿದ.

ಅವತ್ತೇ ಅವಳು ತನ್ನ ಹಳೆಯ ಕತೆಯನ್ನೂ ಹೇಳಿಬಿಟ್ಟಳು. ಮದುವೆ ಗೊತ್ತಾಗಿದ್ದ ಹುಡುಗ ಬೆಳಗ್ಗೆ ಬ್ಯಾಗು ತಗಲಿಸಿಕೊಂಡು ಆಫೀಸಿಗೆ ಹೋಗುತ್ತಿದ್ದನಂತೆ. ಆಫೀಸಿನಿಂದ ಅವನನ್ನು ತೆಗೆದು ತಿಂಗಳುಗಳೇ ಆಗಿದ್ದವು. ಪಾರ್ಕಿನಲ್ಲಿ ಕೂತು ಸಂಜೆ ವಾಪಸು ಬರುತ್ತಿದ್ದ! ಊರಿಗೆಲ್ಲ ಗೊತ್ತಾದ ಮೇಲೆ ಇವಳಿಗೆ ಗೊತ್ತಾಗಿತ್ತು.

"ಕೆಲಸ ಹೋಗಿದ್ದಕ್ಕೆ ಬಿಡಲಿಲ್ಲ ನಾನು. ದಿನಾ ಫೋನ್ ಮಾಡಿ 'ಇವತ್ತು ಆಫೀಸಲ್ಲಿ ತುಂಬಾ ಕೆಲಸ' ಅಂತಿದ್ದನಲ್ಲ, ಅದಕ್ಕೆ ಬಿಟ್ಟೆ. ಸುಳ್ಳು ಹೇಳೋರ ಜೊತೆ ನನ್ನ ಕೈಲಿ ಆಗಲ್ಲ."

ಲಿಫ್ಟಣ್ಣ ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿದ.

*

ಭಾನುವಾರ ಅಂಗಡಿಗೆ ರಜೆ. ಎಡಗೈಯಲ್ಲಿ ಕಡ್ಡಿ ಹೇಗೆ ಹಿಡಿಯುತ್ತಾರೆ ಎಂದು ಅವನ ತಾಯಿಯನ್ನೇ ಕೇಳಿ ಕಲಿಯೋಣ ಎಂದು ಉಂಡೆ ಹೊದಿಕೆ ಹಿಡಿದು ಹೊರಟಳು. ನೀರಿನ ಟ್ಯಾಂಕಿನ ಹಿಂದಿನ ಬೀದಿ, ನೀಲಿ ಗೇಟು ಅಂತ ಅವನೇ ಹೇಳಿದ್ದ. ಅವನು ಮನೆಯಲ್ಲಿರಲಿಲ್ಲ.

ಬಾಗಿಲು ತೆಗೆದ ಹೆಂಗಸಿನ ಬಲಗೈಯಲ್ಲಿ ಸೌಟಿತ್ತು.

"ಅಮ್ಮ, ಇದು ನೀವು ಹೆಣೆದ ಹೊದಿಕೆ..."

"ನಾನಾ?" ತಾಯಿ ಜೋರಾಗಿ ನಕ್ಕಳು. "ನಂಗೆ ಗುಂಡಿ ಹೊಲಿಯೋಕೂ ಬರಲ್ಲ ಕಣಮ್ಮ! ಯಾರು ಹೇಳಿದ್ರು?"

ಉಂಡೆಯ ಕಾಲು ಹೊಸ್ತಿಲಲ್ಲೇ ನಿಂತಿತು. "ಹಾಗಾದ್ರೆ... ಯಾರು?"

"ಯಾರೋ ಹುಡುಗಿ ಮಾಡ್ಕೊಟ್ಟಿರ್ಬೇಕು. ಕಾಲು ಮುರ್ಕೊಂಡು ಆಸ್ಪತ್ರೆ ಸೇರಿದ್ದನಲ್ಲ, ಆಗಿಂದ ನನ್ನ ಮಗ ರೂಮಿನ ಚಿಲಕ ಹಾಕ್ಕೊಂಡು ಕೂರ್ತಾನೆ. ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಯಾರಮ್ಮ ಅವಳು, ನೀನೇನಾ?"

"ನಾನಲ್ಲ ಅಮ್ಮ."

ಹೊದಿಕೆಯನ್ನೂ ಉಳಿದ ನೂಲನ್ನೂ ಆ ತಾಯಿಯ ಕೈಗಿಟ್ಟಳು. ಬೀದಿಯ ತಿರುವು ದಾಟುವವರೆಗೆ ನೆಟ್ಟಗೇ ನಡೆದಳು. ಆಮೇಲೆ ಕಣ್ಣು ಒರೆಸಿಕೊಂಡಳು.

'ಯಾವಳೋ ಎಡಗೈಯವಳು. ಅವಳ ನೆನಪಿಗೆ ಅಂತ ಇಟ್ಕೊಂಡಿದ್ದು. ಅದನ್ನ ಅವನಿಗೆ ಸರಿ ಮಾಡಿಕೊಡೋಕೆ ನಾನು ಬೆರಳು ಸವೆಸ್ತಾ ಕೂತಿದೀನಿ!'

*

ಸೋಮವಾರ ಅವನು ಬಂದ. ಮೀಸೆಯವನೂ ಬೆನ್ನ ಹಿಂದೆಯೇ ಇದ್ದ, ಕೈಯಲ್ಲಿ ಸ್ಪ್ಯಾನರು.

"ನಿಮ್ಮಮ್ಮನ್ನ ನೋಡ್ಕೊಂಡು ಬಂದೆ," ಎಂದಳು ಉಂಡೆ, ಮಿಷಿನ್ನಿಂದ ಕಣ್ಣೆತ್ತದೆ. "ಆ ಎಡಗೈ ಹುಡುಗಿ ಹತ್ರಾನೇ ಹೋಗಿ ಮಾಡಿಸ್ಕೊಳ್ಳಿ."

"ಹುಡುಗಿ ಯಾರೂ ಇಲ್ಲ..."

"ಹಾಗಾದ್ರೆ ಯಾರು ಹೆಣೆದಿದ್ದು? ಹೇಳಿ. ಈಗಲೇ ಹೇಳಿ."

ಮೀಸೆಯವನು ಹಲ್ಲು ಕಿರಿದ. "ಹೇಳು ಗುರೂ, ನಾವೂ ಕೇಳೋಣ. ಯಾರು ಆ ಚೆಲುವೆ?"

ಲಿಫ್ಟಣ್ಣ ಮೀಸೆಯವನ ಕಡೆ ಒಮ್ಮೆ ನೋಡಿದ. ತಿರುಗಿ ಮೆಟ್ಟಿಲಿಳಿದು ಹೋದ.

ಗಂಡಸು ಅನ್ನಿಸಿಕೊಂಡವನು ಇಡೀ ಲಿಫ್ಟನ್ನು ಹಗ್ಗಕ್ಕೆ ನೇತುಹಾಕಬಹುದು. ಲಿಫ್ಟಿನ ಕತ್ತಲ ಗುಂಡಿಯೊಳಗೆ ಇಳಿದು ಕಾಲು ಮುರಿದುಕೊಳ್ಳಬಹುದು. ಯಾರೂ ನಗುವುದಿಲ್ಲ. ಒಂದು ಹಿಡಿ ಉಲ್ಲನ್ ಮುಟ್ಟಿದರೆ ಮಾತ್ರ ಜನ ಹೊಟ್ಟೆ ಹಿಡಿದು ನಗುತ್ತಾರೆ! ಯಾವ ನಾಲಾಯಕ್ಕು ಮಾಡಿದ ಕಾನೂನೋ ಇದು. ಈ ಕಾನೂನಿಗೆ ಹೆದರಿ ಅದೆಷ್ಟು ಜನ ಚಿಲಕ ಹಾಕಿಕೊಂಡು ಕೂತಿದ್ದಾರೋ.

ಆದರೆ ಹೆದರಿದ್ದು ಅವನೇ. ಅದರ ಬೆಲೆ ತೆರಬೇಕಾದವನೂ ಅವನೇ.

ಅವನು ಮಧ್ಯಾಹ್ನ ಬರುವುದು ನಿಂತಿತು. ಕೆಳಗಿನಿಂದ ಸುತ್ತಿಗೆಯ ಸದ್ದು ಮಾತ್ರ ಕೇಳುತ್ತಿತ್ತು. ಉಂಡೆ ಹೊಸದೇನನ್ನೂ ಹೆಣೆಯಲಿಲ್ಲ. ಸುತ್ತ ಕಣ್ಣಾಡಿಸಿದರೂ ಏನೂ ಹೊಳೆಯುತ್ತಿರಲಿಲ್ಲ.

"ಸುಳ್ಳು ಹೇಳಿದ ಅಂತ ಕೋಪಾನೋ, ಇನ್ನೊಬ್ಬಳಿದ್ದಾಳೆ ಅಂತ ಸಂಕಟಾನೋ?" ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಎರಡೂ."

"ಎರಡನೇದು ಜಾಸ್ತಿ ಇದ್ದಂಗಿದೆ."

ಉಂಡೆ ಮಿಷಿನ್ ಜೋರಾಗಿ ತುಳಿದಳು.

ಲಿಫ್ಟು ಚಾಲೂ ಆದ ದಿನ ಕಟ್ಟಡದವರೆಲ್ಲ ಒಂದು ನೆಪ ಹುಡುಕಿಕೊಂಡು ಮೇಲಿನ ಮಹಡಿಗೆ ಬಂದರು. ಅಂಗಡಿಯ ಮುಂದೆ ಜಾತ್ರೆಯಂಥ ಗದ್ದಲ. ಚಪ್ಪಲಿ ಅಂಗಡಿಯವಳು ಮಗು ಎತ್ತಿಕೊಂಡು ಬಂದಿದ್ದಳು. ಮೀಸೆಯವನು ಒಡೆಯನಂತೆ ಗುಂಡಿ ಒತ್ತಿ ಒತ್ತಿ ತೋರಿಸುತ್ತಿದ್ದ.

ಲಿಫ್ಟಣ್ಣ ಆ ಗುಂಪನ್ನು ಸೀಳಿಕೊಂಡು ಬಂದ. ಬಾಗಿಲ ಬಳಿಯ ಬೆಂಚಿನ ಮೇಲೆ, ಎಲ್ಲರಿಗೂ ಕಾಣುವಂತೆ ಕೂತ. ಕೈಚೀಲದಿಂದ ಹೊದಿಕೆ ತೆಗೆದ. ನೂಲು ತೆಗೆದ. ಕಡ್ಡಿ ತೆಗೆದ.

ಎಡಗೈಯಲ್ಲಿ ಹಿಡಿದ. ಹೆಣೆಯತೊಡಗಿದ.

ಗದ್ದಲ ಒಮ್ಮೆಲೇ ಇಳಿಯಿತು.

ಉಂಡೆ ಮಿಷಿನ್ ನಿಲ್ಲಿಸಿದಳು. ಗ್ರೀಸು ಹತ್ತಿದ ಉಗುರು, ದಪ್ಪ ಬೆರಳು. ಆ ಬೆರಳಿನಡಿ ಕಂಬಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಸುತ್ತು ಗಡಿಯಾರದ ಮುಳ್ಳಿನ ಕಡೆಗೇ ಹೋಗುತ್ತಿತ್ತು.

'ಅಯ್ಯೋ... ಇವನೇ!'

"ಏನ್ ಗುರೂ ಇದು!" ಮೀಸೆಯವನು ಕೇಕೆ ಹಾಕಿ ನಕ್ಕ. "ಸೀರೆ ಯಾವಾಗ ಉಟ್ಕೋತೀಯ?"

ಲಿಫ್ಟಣ್ಣನ ಕತ್ತು ಕೆಂಪೇರಿತು. ಕೈ ನಿಲ್ಲಲಿಲ್ಲ.

"ನಕ್ಕು ಮುಗಿಸು. ಮುಗಿದ ಮೇಲೆ ನಿನ್ನ ಬೋಳು ತಲೆ ಅಳತೆ ಕೊಡು, ಟೋಪಿ ಹೆಣೆದು ಕೊಡ್ತೀನಿ."

ಜನ ಗೊಳ್ಳೆಂದರು. ಈ ಸಲ ನಗು ಮೀಸೆಯವನ ಕಡೆಗೆ ತಿರುಗಿತ್ತು.

"ಆಸ್ಪತ್ರೇಲಿ ಕಾಲಿಗೆ ಕಟ್ಟು ಹಾಕಿ ಮಲಗಿಸಿದ್ರು," ಎಂದ ಅವನು, ಉಂಡೆಯನ್ನು ನೋಡುತ್ತ. "ಕಣ್ಣು ಮುಚ್ಚಿದ್ರೆ ಆ ಲಿಫ್ಟ್ ಗುಂಡಿಗೇ ಮತ್ತೆ ಬೀಳ್ತಿದ್ದೆ. ನನ್ನ ನೋಡ್ಕೊಳ್ತಿದ್ದ ವಯಸ್ಸಾದ ನರ್ಸಮ್ಮ ಕೈಗೊಂದು ಕಡ್ಡಿ ಕೊಟ್ರು. ಊಟ, ಬರವಣಿಗೆ ಎಲ್ಲಾ ಚಿಕ್ಕಂದಿನಲ್ಲೇ ಹೊಡೆದು ಬಡಿದು ಬಲಗೈಗೆ ತಿರುಗಿಸಿದ್ರು. ಇದೊಂದನ್ನ ಯಾರೂ ನೋಡ್ತಿರಲಿಲ್ಲ... ಎಡಗೈಲೇ ಕಲಿತೆ."

"ನಂಗೆ ಹೇಳ್ಬಹುದಿತ್ತು," ಎಂದಳು ಉಂಡೆ. "ನಾನೂ ಇದನ್ನೇ ಮಾಡೋಳು. ನಾನು ನಗ್ತಿದ್ನಾ?"

"ಮೊದಲ ದಿನ ಹೆದರಿ ಸುಳ್ಳು ಹೇಳ್ದೆ. ಆಮೇಲೆ ನೀವು ಆ ಪಾರ್ಕಿನವನ ಕತೆ ಹೇಳಿದ್ರಿ. ಹೇಳಿಬಿಟ್ರೆ ನಾನೂ ಅವನ ಸಾಲಿಗೇ ಸೇರ್ತೀನಿ ಅನ್ನಿಸ್ತು. ಹೇಳದೇ ಇದ್ರೂ ಸೇರ್ತೀನಿ ಅಂತ ಹೊಳೀಲಿಲ್ಲ." ಸ್ವಲ್ಪ ತಡೆದ. "ತಪ್ಪಾಯ್ತು. ನೀವು ಬೇಡ ಅಂದ್ರೆ ಎದ್ದು ಹೋಗ್ತೀನಿ. ಇದು ನನ್ನದೇ ಅಂತ ಹೇಳದೆ ಹೋಗಲ್ಲ ಅಂತ ಬಂದೆ."

ಉಂಡೆ ಯೋಚಿಸಿದಳು. ಆ ಪಾರ್ಕಿನ ಹುಡುಗ ಕೊನೆಯ ದಿನವೂ ಬಂದು ಹೇಳಿರಲಿಲ್ಲ, ಬೇರೆಯವರು ಹೇಳಿದ್ದರು. ಇವನು ನಗುವವರೆಲ್ಲ ಸೇರಿರುವಾಗಲೇ ಬಂದು, ಅವರ ನಡುವೆ ಕೂತು ಹೇಳುತ್ತಿದ್ದಾನೆ.

"ಇನ್ನೊಂದು ಸುಳ್ಳಿದ್ರೆ ಈಗಲೇ ಹೇಳಿಬಿಡಿ."

"ಇದೆ."

ಅವಳು ಸ್ಟೂಲಿನಿಂದ ಎದ್ದು ನಿಂತಳು.

"ಪಾರ್ಟ್ಸ್ ಯಾವತ್ತೋ ಬಂದಿದ್ವು."

"ನನ್ನ ಮಂಡಿ!" ಎಂದು ಚಿಕ್ಕಮ್ಮ ಕೂಗಿದಳು.

ಉಂಡೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿಬಂತು.

"ನೀವು ಇಲ್ಲಿರ್ತೀರಿ ಅಂತ ನಿಧಾನ ಮಾಡ್ದೆ," ಎಂದ ಅವನು ಮೆಲ್ಲಗೆ. "ನಂಗೆ ನೀವು ಬೇಕು. ಇದು ಸುಳ್ಳಲ್ಲ."

ಚಿಕ್ಕಮ್ಮ ಎಲ್ಲರನ್ನೂ ಲಿಫ್ಟಿನೊಳಗೆ ತಳ್ಳಿದಳು. ತಾನೂ ಹತ್ತಿದಳು. ಬಾಗಿಲು ಮುಚ್ಚಿತು.

ಉಂಡೆ ಅವನ ಪಕ್ಕ ಬಂದು ಕೂತು ಅಂಚನ್ನು ನೋಡಿದಳು. "ಇಲ್ಲೊಂದು ಚಿಪ್ಪಿನ ಆಕಾರದ ಹೆಣಿಗೆ ಹಾಕಿದ್ರೆ ಚೆನ್ನಾಗಿರುತ್ತೆ. ಬರುತ್ತಾ?"

"ಇಲ್ಲ. ಕಲಿಸ್ತೀರಾ?"

"ಪಕ್ಕ ಕೂತು ಕಲಿಸೋಕಾಗಲ್ಲ. ನಾನು ಬಲಗೈ, ನೀವು ಎಡಗೈ. ಎದುರು ಕೂತ್ಕೋಬೇಕು. ಕನ್ನಡಿ ನೋಡಿದಂಗೆ ನನ್ನ ಕೈ ನೋಡಿ, ನಾನು ಮಾಡಿದ್ದನ್ನ ಹಾಗ್ಹಾಗೇ ಮಾಡಿ."

ಸ್ಟೂಲು ಎಳೆದು ಅವನ ಎದುರು ಕೂತಳು. ಮಂಡಿಗೆ ಮಂಡಿ ತಾಕಿತು. ಅವಳು ಕಡ್ಡಿಗೆ ನೂಲು ಸಿಕ್ಕಿಸಿದಳು. ಅವನ ಕಡ್ಡಿ ಅಲ್ಲಾಡಲಿಲ್ಲ.

"ಕೈ ನೋಡಿ ಅಂದ್ನಲ್ಲ?"

"ನೋಡ್ತಿದೀನಿ."

"ಅದು ಕೈ ಅಲ್ಲ, ನನ್ನ ಮುಖ."

"ಇವತ್ತು ಮುಖ ನೋಡ್ಕೋತೀನಿ," ಎಂದ ಅವನು. "ಕೈ ನಾಳೆಯಿಂದ."