ಅರಿಷಿಣ ಕಾರಖಾನೆಯ ಅರ್ಥಿಂಗ್ ತಂತಿ

೧೯೩೯ನೆಯ ಇಸವಿ, ಖಂಡೇನವಮಿಯ ದಿನ. ಸಾಂಗಲಿ ಸಂಸ್ಥಾನದ ಶಹರ ಠಾಣೆಯಲ್ಲಿ ಬಂದೂಕುಗಳ ಪೂಜೆ ನಡೆದಿತ್ತು. ಹವಾಲ್ದಾರ ಕಾಡಪ್ಪ ಕಾಯಿ ಒಡೆಯಲು ಕೈ ಎತ್ತಿದ್ದ. ಅಷ್ಟರಲ್ಲಿ ಒಬ್ಬ ತರುಣ ಬರಿಗಾಲಲ್ಲಿ ಓಡಿ ಬಂದು ಠಾಣೆಯ ಕಟ್ಟೆಯ ಮೇಲೆ ಕುಸಿದು ಕುಳಿತ. ಅರಿಷಿಣದ ವ್ಯಾಪಾರಿ ಬಸಲಿಂಗಪ್ಪನವರ ಒಬ್ಬನೇ ಮಗ ಗುರುಸಿದ್ಧಪ್ಪ. ಅಂಗೈಗೆ ಮೆತ್ತಿದ್ದ ಕುಂಕುಮವನ್ನೂ ಅವನು ಒರೆಸಿಕೊಂಡಿರಲಿಲ್ಲ.

“ಅಪ್ಪನ್ನ ಕೊಂದಾನ್ರಿ ಸಾಹೇಬ್ರ! ಆ ವೈರಮನ್ ಆದಪ್ಪ ಕೊಂದಾನ!”

ಫೌಜದಾರ ಭರತೇಶ ಚೌಗುಲೆ ಅವನಿಗೆ ನೀರು ಕುಡಿಸಿ, ಉಸಿರು ತಿರುಗಿದ ಮೇಲೆ ಕೇಳತೊಡಗಿದರು. ಬಸಲಿಂಗಪ್ಪನವರದು ಅರಿಷಿಣಕ್ಕೆ ಪಾಲಿಶ್ ಮಾಡುವ ಕಾರಖಾನೆ. ಕರೆಂಟಿನ ಮೋಟಾರು ದೊಡ್ಡದೊಂದು ಕಬ್ಬಿಣದ ಪೀಪಾಯಿಯನ್ನು ತಿರುಗಿಸುತ್ತದೆ, ಒಳಗಿನ ಕೊಂಬುಗಳು ಉಜ್ಜಿ ಉಜ್ಜಿ ಹೊಳಪಾಗುತ್ತವೆ. ಪ್ರತಿವರ್ಷ ಖಂಡೇನವಮಿಗೆ ಧಣಿಯೇ ಸ್ವಿಚ್ಚಿನ ಪೆಟ್ಟಿಗೆಗೆ ಪೂಜೆ ಮಾಡಿ, ಕಾಯಿ ಒಡೆದು, ತಾನೇ ಹಿಡಿ ಎಳೆದು ಪೀಪಾಯಿ ತಿರುಗಿಸುವ ಪದ್ಧತಿ. ಈ ವರ್ಷವೂ ಹಿಡಿ ಹಿಡಿದರು. ಕೈ ಅಲ್ಲಿಗೇ ಅಂಟಿಕೊಂಡಿತು. ಮಗ ಓಡಿಹೋಗಿ ಬಾಗಿಲ ಬಳಿಯ ಮೇನ್ ಸ್ವಿಚ್ ತೆಗೆಯುವುದರೊಳಗೆ ಎಲ್ಲ ಮುಗಿದಿತ್ತು.

“ಆದಪ್ಪನ ಮ್ಯಾಲ ಯಾಕ ಸಂಶಯ?”

“ಹೋದ ತಿಂಗಳ ಅಪ್ಪ ಅಂವನ್ನ ಕೆಲಸದಿಂದ ತಗದ್ರು. ಹೋಗೂ ಮುಂದ, ‘ನನ್ನ ಮಾತ ಕೇಳಲಿಲ್ಲಂದ್ರ ಇಲ್ಲೆ ಹೆಣಾ ಬೀಳತೈತಿ’ ಅಂತ ಎಲ್ಲಾರ ಮುಂದ ಅಂದ. ನಿನ್ನೆ ಸಂಜಿಮುಂದ ಮತ್ತ ಬಂದಿದ್ದ. ಇವತ್ತ ಹೆಣಾ ಬಿತ್ತು.”

ಪೊಲೀಸರಿಗೆ ಇಂಥ ಮಾತು ಸಿಗುವುದೆಂದರೆ ಕರೆದು ಹೋಳಿಗೆ ಬಡಿಸಿದ ಹಾಗೆ. ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಪೂಜೆ ಅರ್ಧಕ್ಕೇ ನಿಂತಿತು.

ಕಾರಖಾನೆಯ ನೆಲ ಒದ್ದೆಯಾಗಿತ್ತು. ಯಂತ್ರಗಳಿಗೆಲ್ಲ ಹೊಸ ಹಸಿರು ಬಣ್ಣ, ಅದರ ಮೇಲೆ ಚೆಂಡುಹೂವಿನ ಮಾಲೆ. ಧಣಿಯ ರಬ್ಬರ್ ಅಟ್ಟೆಯ ಬೂಟುಗಳು ಹೊಸ್ತಿಲ ಆಚೆ ಜೋಡಿಯಾಗಿ ಕೂತಿದ್ದವು. ಪೂಜೆಗೆಂದು ಬಿಟ್ಟವು. ಶವದ ಬಲ ಅಂಗೈಯಲ್ಲಿ ಸುಟ್ಟ ಗಾಯ ಕಂಡಿತು. ಇಬ್ಬರು ಪಂಚರ ಎದುರು ಕಾಡಪ್ಪ ಎಲ್ಲವನ್ನೂ ಬರೆದುಕೊಂಡ. ಶವವನ್ನು ಸರಕಾರಿ ದವಾಖಾನೆಗೆ ಕಳಿಸಿದರು.

ಸಂಸ್ಥಾನದ ಇಲೆಕ್ಟ್ರಿಕ್ ಓವರಸೀಯರ್ ದಾಮುಅಣ್ಣಾ ಲಿಮಯೆ ಬಂದವರೇ ಸಿಡಿಮಿಡಿ ಶುರುಮಾಡಿದರು. ಆ ವರ್ಷ ಊರಿನ ಎಲ್ಲ ಗಿರಣಿ, ನಾಟಕಗೃಹ, ದವಾಖಾನೆಗಳ ವೈರಿಂಗ್ ಎಷ್ಟು ಸುರಕ್ಷಿತವೆಂದು ಪರೀಕ್ಷೆ ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಎಲ್ಲೆಡೆ ಹೋಗಿದ್ದರು, ಇಲ್ಲಿಗೆ ಮಾತ್ರ ಪ್ರವೇಶವಿರಲಿಲ್ಲ. “ದಸರೆ ಆಗಲಿ ಬರ್ರಿ” ಎಂದು ಬಸಲಿಂಗಪ್ಪನವರು ಬಾಗಿಲಿಂದಲೇ ಸಾಗಹಾಕಿದ್ದರು.

ಲಿಮಯೆ ಪೆಟ್ಟಿಗೆ ಬಿಚ್ಚಿ ಫೌಜದಾರರಿಗೆ ಮರಾಠಿಯಲ್ಲಿ ಒಂದೊಂದೇ ತೋರಿಸಿದರು. ಒಳಗಿನ ತಂತಿಯ ಮೇಲ್ಹೊದಿಕೆ ತಿಕ್ಕಿ ಹರಿದು ಕಬ್ಬಿಣದ ಪೆಟ್ಟಿಗೆಗೇ ಕರೆಂಟ್ ಇಳಿದಿತ್ತು. ಇದು ಹಳೆಯ ದೋಷ. ಹೀಗಾದಾಗ ಫ್ಯೂಜ್ ಸುಟ್ಟುಹೋಗಿ ಎಲ್ಲ ಬಂದ್ ಆಗಬೇಕು. ಆದರೆ ಫ್ಯೂಜಿನ ಜಾಗದಲ್ಲಿ ಯಾರೋ ದಪ್ಪ ತಂತಿ ಬಿಗಿದಿದ್ದರು. ಇಷ್ಟಿದ್ದರೂ ಧಣಿ ಬದುಕುಳಿಯಬಹುದಿತ್ತು. ಪೆಟ್ಟಿಗೆಯ ಹಿಂದಿನಿಂದ ಗೋಡೆಗುಂಟ ಇಳಿದು ನೆಲದೊಳಗೆ ಹೋಗುವ ಒಂದು ಬರಿ ತಾಮ್ರದ ತಂತಿಯಿತ್ತು. ಅದನ್ನು ಯಾರೋ ಕೆಳಗಡೆ ಕತ್ತರಿಸಿ, ಎರಡು ತುದಿಗಳನ್ನೂ ದೂರ ಬಗ್ಗಿಸಿದ್ದರು.

“ಇದು ಅರ್ಥಿಂಗ್. ಪೆಟ್ಟಿಗೆಗೆ ಇಳಿದ ಕರೆಂಟನ್ನು ಮನುಷ್ಯನ ಮೈಗೆ ಬಿಡದೆ ನೆಲಕ್ಕೆ ಒಯ್ಯುವ ತಂತಿ. ಇದೊಂದು ಇದ್ದಿದ್ದರೆ ಸಾವಕಾರರು ಜುಮ್ಮೆಂದು ಕೈ ಝಾಡಿಸಿ ನಿಲ್ಲುತ್ತಿದ್ದರು. ಇದನ್ನು ಕತ್ತರಿಸಿದವನೇ ಕೊಂದವನು” ಎಂದರು ಲಿಮಯೆ.

ಪಕ್ಕದಲ್ಲೇ ನಿಂತಿದ್ದ ಗುರುಸಿದ್ಧಪ್ಪ ಒದ್ದೆ ನೆಲದ ಮೇಲೆ ಹಾಗೆಯೇ ಕುಳಿತುಬಿಟ್ಟ. ತಂದೆ ಸತ್ತ ಮಗ, ಪಾಪ, ಎಂದು ಎಲ್ಲರೂ ಮರುಗಿದರು. ಫೌಜದಾರರೂ ಮರುಗಿದರು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಬಂದು ಫೌಜದಾರರ ತೋಳು ಹಿಡಿದ.

“ಆ ತಂತಿ ಮಹತ್ವ ಆದಪ್ಪಗ ಅಷ್ಟ ಗೊತ್ತಿತ್ರಿ. ಹಾಕಿದಾಂವ ಅಂವನ. ಅಂವನ್ನ ಬಿಡಬ್ಯಾಡ್ರಿ.”

ಕಾವಲುಗಾರ ರೇವಪ್ಪನ ಹೇಳಿಕೆಯೂ ಅತ್ತಲೇ ಹೊರಳಿತು. “ಬಂದಿದ್ದ ಖರೆ ಐತ್ರಿ. ನನ್ನ ನಿಚ್ಚಣಿಕಿ ಒಳಗ ಉಳದೈತಿ ಅಂದ. ಒಂದ ಬೀಡಿ ಸೇದೂವಷ್ಟ ಹೊತ್ತ ಒಬ್ಬನ ಒಳಗಿದ್ದ. ಕತ್ತಲಾಗಿತ್ತು, ನಾ ಹಿಂದ ಹೋಗಲಿಲ್ರಿ.”

ಆದರೆ ಆದಪ್ಪನ ಮನೆ ಇದ್ದದ್ದು ಮಿರಜದಲ್ಲಿ. ಸಾಂಗಲಿಯಿಂದ ಮಿರಜಕ್ಕೆ ಟಾಂಗಾದ ದಾರಿ, ಆದರೇನು, ಅದು ಬೇರೆ ಸಂಸ್ಥಾನ, ಬೇರೆ ಪೊಲೀಸರು. ಪತ್ರ ಹೋಗಬೇಕು, ಅಲ್ಲಿಯವರು ಹಿಡಿದು ಒಪ್ಪಿಸಬೇಕು. ಹಬ್ಬದ ರಜೆ ಬೇರೆ. ಮರುದಿನ ಪೇಟೆಯ ನಾಲ್ಕು ಜನ ವ್ಯಾಪಾರಿಗಳನ್ನು ಕಟ್ಟಿಕೊಂಡು ಗುರುಸಿದ್ಧಪ್ಪ ಠಾಣೆಗೆ ಬಂದ.

“ಫೌಜದಾರ್ರೂ ಜೈನ್ರು, ಆದಪ್ಪನೂ ಜೈನ. ಇನ್ನ ನಮಗ ನ್ಯಾಯ ಸಿಕ್ಕಂಗ!” ಅಂದ.

ಚೌಗುಲೆಯವರಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಆಮೇಲೆ ಇಡೀ ದಿನ ಅದೇ ಮಾತು ಒಳಗೆ ಕುಟುಕಿತು. ತಾನು ನಿಜಕ್ಕೂ ತಡಮಾಡುತ್ತಿದ್ದೇನೆಯೆ? ಹಾಗೆಂದು ತಮ್ಮ ಮೇಲೆಯೇ ಸಂಶಯ ಬಂದು, ಆದಪ್ಪನನ್ನು ಕರೆತಂದ ಕೂಡಲೇ ಬೇಕಾದದ್ದಕ್ಕಿಂತ ಒರಟಾಗಿ ಪ್ರಶ್ನೆ ಹಾಕಿದರು.

“ಹೆಣಾ ಬೀಳತೈತಿ ಅಂದಿದ್ಯೋ ಇಲ್ಲೋ?”

“ಅಂದೇನ್ರಿ.”

“ಯಾಕ?”

“ಫ್ಯೂಜ್ ಮ್ಯಾಲಿಂದ ಮ್ಯಾಲ ಹೋಗ್ತಿತ್ರಿ. ಧಣ್ಯಾರು ದಪ್ಪ ತಂತಿ ಹಾಕು ಅಂದ್ರು. ನಾ ಒಲ್ಲೆ ಅಂದೆ. ತಾವ ಹಾಕ್ಕೊಂಡು ನನ್ನ ತಗದ್ರು.”

“ಸಂಜಿಮುಂದ ಒಳಗ ಹೋಗಿ ಏನ್ ಮಾಡ್ದಿ?”

“ನಿಚ್ಚಣಿಕಿ ತಗೊಂಡ್ನಿ.”

“ಅರ್ಥಿಂಗ್ ಕಡದಿ.”

ಆದಪ್ಪ ಮೊದಲು ಆ ಮಾತನ್ನು ತಿಳಿದುಕೊಳ್ಳಲೇ ಇಲ್ಲ. ತಿಳಿದ ಮೇಲೆ ಒಂದು ಹೆಜ್ಜೆ ಮುಂದೆ ಬಂದ. “ಅರ್ಥಿಂಗ್ ಕಡದಾರು? ಸಾಹೇಬ್ರ, ಅಲ್ಲೆ ಹೆಣ್ಮಕ್ಕಳು ಬರಿಗಾಲಾಗ ಕೆಲಸಾ ಮಾಡ್ತಾರು! ನನಗ ಧಣ್ಯಾರ ಮ್ಯಾಲ ಸಿಟ್ಟಿತ್ತು, ಇಲ್ಲ ಅನ್ನೂದಿಲ್ಲ. ಅಂಥಾದ್ದ ನಾ ಮಾಡ್ಲ್ಯಾ?”

ಮಾಡಿಲ್ಲ ಎನ್ನುವ ಮಾತು ಲಾಕಪ್ಪಿಗೆ ಬಂದವರೆಲ್ಲರ ಬಾಯಲ್ಲೂ ಇರುತ್ತದೆ. ಫೌಜದಾರರು ಅವನನ್ನು ಒಳಗೆ ಹಾಕಿಸಿದರು. ಮಾತು, ಸಾಕ್ಷಿ, ದ್ವೇಷ ಮೂರೂ ಕೂಡಿಬಂದಿದ್ದವು. ಖೂನಿನ ಆರೋಪ ಸಿದ್ಧವಾದರೆ ಗಲ್ಲು ದೂರವಿರಲಿಲ್ಲ. ಎಲ್ಲ ಇಷ್ಟು ಸಲೀಸಾಗಿ ಕೂಡಿಬಂದದ್ದೇ ಅವರಿಗೆ ಸರಿಬರಲಿಲ್ಲ. ಕಾಡಪ್ಪನನ್ನು ಕರೆದುಕೊಂಡು, ಸೀಲು ಮಾಡಿದ ಕಾರಖಾನೆಯನ್ನು ಮತ್ತೆ ತೆರೆಸಿದರು.

ಕಾಡಪ್ಪ ಕಂದೀಲು ಹಿಡಿದ. ಫೌಜದಾರರು ನೆಲಕ್ಕೆ ಮೊಣಕಾಲೂರಿ ತಂತಿಯ ತುದಿಗಳನ್ನು ನೋಡಿದರು. ಹೊಸದಾಗಿ ಕತ್ತರಿಸಿದ ತಾಮ್ರ ಕೆಂಪಗೆ ಹೊಳೆಯಬೇಕು. ಇದು ಹೊಳೆಯುತ್ತಿರಲಿಲ್ಲ.

“ಕಾಡಪ್ಪ, ಇದೇನಿದು?”

“ಬಣ್ಣರಿ. ಹಸರ ಬಣ್ಣ.”

“ತಂತಿ ಮ್ಯಾಲ ಅಲ್ಲೋ, ಕಡದ ಬಾಯಿ ಮ್ಯಾಲ ನೋಡು.”

ಕಾಡಪ್ಪ ಬಾಗಿ ಉಗುರಿನಿಂದ ಕೆರೆದ. ಕತ್ತರಿಸಿದ ಮುಖದ ಮೇಲೂ ಬಣ್ಣ ದಪ್ಪಗೆ ಕೂತಿತ್ತು. “ಅಯ್ ಶಿವನ! ಹಂಗಾರ ಬಣ್ಣಾ ಹಚ್ಚೂಕಿಂತ ಮೊದಲ ಕಡದಾರ್ರಿ!”

ಬಣ್ಣದವನನ್ನು ಕರೆಸಿದರು. ಪೂಜೆಯ ಹಿಂದಿನ ದಿನ ಮಧ್ಯಾಹ್ನದ ಊಟದೊಳಗೇ ಕೆಲಸ ಮುಗಿಸಿ ಹೋಗಿದ್ದ. ಆದಪ್ಪ ಬಂದದ್ದು ಕತ್ತಲಾದ ಮೇಲೆ. ಆ ದಿನ ಬೆಳಗಿನಿಂದ ಮರುದಿನದ ಪೂಜೆಯವರೆಗೆ ತೊಳೆಯಲೆಂದು ಮೇನ್ ತೆಗೆದೇ ಇಟ್ಟಿದ್ದರು, ಹಾಗಾಗಿ ನಡುವೆ ಯಾರಿಗೂ ಏನೂ ತಾಗಿರಲಿಲ್ಲ. ಪೀಪಾಯಿ ತೊಳೆದವಳು ಕೆಲಸದ ಹೆಂಗಸರ ಮುಂದಾಳು ಸರುಬಾಯಿ. ಅವಳ ಪಾದಗಳು ಹಿಮ್ಮಡಿಯವರೆಗೂ ಹಳದಿಯಾಗಿದ್ದವು.

“ಪೂಜಿ ಹಿಂದಿನ ದಿನ ಮುಂಜಾನೆ ಯಾರ್ಯಾರಿದ್ರು ಸರುಬಾಯಿ?”

“ನಾವ ಹೆಣ್ಮಕ್ಕಳು, ಮತ್ತ ಸಣ್ಣ ಧಣ್ಯಾರು.”

“ಗುರುಸಿದ್ಧಪ್ಪ?”

“ಹೌದ್ರಿ. ದೇವರಂಥಾ ಹುಡುಗ. ಆ ಪೆಟಗಿ, ಆ ಬರಿ ತಂತಿ, ಎರಡೂ ನಮ್ಮನ್ನ ಭಾಳ ಕಾಡ್ಯಾವ್ರಿ. ಕಸಾ ಹೊಡೀಬೇಕಾದ್ರ ತಂತಿಗಿ ಕೈ ತಾಗಿದ್ರ ಜುಮ್ ಅಂತ ಬಡೀತಿತ್ತು. ದೊಡ್ಡ ಧಣ್ಯಾರಿಗೆ ಹೇಳಿದ್ರ ಬೂಟ ಹಾಕ್ಕೊಂಡ ಬಂದು, ಮುಟ್ಟಿ, ‘ನನಗ್ಯಾಕ ಬಡಿಯೂದಿಲ್ಲ? ಕೆಲಸಗಳ್ಳೇರು ನೀವು’ ಅಂತ ನಗತಿದ್ರು. ನಾಳೆ ಅವರೂ ಬರಿಗಾಲಾಗ ನಿಲ್ತಾರಲ್ರೀ ಅಂತ ನಾನ ಸಣ್ಣ ಧಣ್ಯಾರಿಗೆ ಅಂದೆ. ಅವರ ಮಾರಿ ಸಣ್ಣದಾತು. ನೀವೆಲ್ಲಾ ಚಹಾ ಕುಡದ ಬರ್ರಿ, ನಾ ನೋಡ್ಕೊಂತೇನಿ ಅಂದ್ರು.”

ಇಷ್ಟು ದಿನದ ಸಂಶಯವೆಲ್ಲ ಒಂದೆಡೆ, ಈಗ ತಿಳಿದದ್ದು ಒಂದೆಡೆ. ಇದಕ್ಕಿಂತ ಖೂನಿಯೇ ವಾಸಿಯಿತ್ತು ಎಂದು ಫೌಜದಾರರಿಗೆ ಅನಿಸಿತು.

ಬಸಲಿಂಗಪ್ಪನವರ ಮನೆಯ ಪಡಸಾಲೆಯಲ್ಲಿ ಗುರುಸಿದ್ಧಪ್ಪ ಒಬ್ಬನೇ ಕೂತಿದ್ದ. ಅವನ ತಾಯಿ ನೀಲಗಂಗವ್ವ ಒಳಬಾಗಿಲ ಬಳಿ ಗೋಡೆಗೆ ಒರಗಿದ್ದರು.

“ಆದಪ್ಪ ಒಪ್ಪಿಕೊಂಡ್ನೇನ್ರಿ?” ಎಂದ ಗುರುಸಿದ್ಧಪ್ಪ.

“ಇಲ್ಲ. ಆ ತಂತಿ ಯಾವುದರಿಂದ ಕಡದಿ, ಗುರುಸಿದ್ಧಪ್ಪ?”

ಅವನು ತಾಯಿಯತ್ತ ನೋಡಿದ, ನೆಲ ನೋಡಿದ. ಸುಳ್ಳು ಹೇಳಲು ಬಾಯಿ ತೆರೆದದ್ದು ಕಂಡಿತು.

“ತಂತಿ ಕಡಿಯೂ ಪಕ್ಕಡದಿಂದ್ರಿ” ಎಂದ ಕೊನೆಗೆ. “ಬಡಿಯೂ ತಂತಿ ಅದs ಅಂತ ತಿಳದಿದ್ನಿ. ಉಳದ ತಂತಿಗೆಲ್ಲಾ ಹೊದಿಕಿ ಐತಿ, ಅದಕ್ಕ ಇಲ್ಲ. ಅದನ್ನ ತಗದ್ರ ಅಪ್ಪಗ ಏನೂ ಆಗೂದಿಲ್ಲ ಅಂದ್ಕೊಂಡ್ನಿ. ಠಾಣೆಕ್ಕ ಬಂದಾಗ ಆದಪ್ಪನ ಮಾಡ್ಯಾನ ಅಂತ ಖರೇನ ನಂಬಿದ್ನಿ. ಲಿಮಯೆ ಸಾಹೇಬ್ರು ಹೇಳಿದಾಗ…”

“ಆವಾಗ ಗೊತ್ತಾತು.”

“ಹೌದ್ರಿ.”

“ಮೊದಲs ಆದಪ್ಪನ್ನ ಒಂದ ಮಾತ ಕೇಳಬಾರದಿತ್ತೇನೋ? ಮಿರಜ ಏನ ಕಾಶಿಯಷ್ಟು ದೂರಿತ್ತ?”

“ಅಂವನ ಕೂಡ ಮಾತಾಡಿದ್ರ ಮನಿ ಬಿಟ್ಟ ಹೋಗು ಅಂದಿದ್ರು ಅಪ್ಪ. ಅವರ ಮಾತ ನಾ ಎಂದೂ ಮೀರಿಲ್ರಿ.” ಅವನು ಬಿಕ್ಕಳಿಸತೊಡಗಿದ. “ಆಮ್ಯಾಲ ಹೇಳೋಣಂದ್ರ ಅವ್ವ ಇದ್ಲು. ನಿನ್ನ ಗಂಡನ್ನ ನಾನ ಕೊಂದೆ ಅಂತ ಅವ್ವಗ ಹೆಂಗ ಹೇಳ್ಲಿ?”

ನೀಲಗಂಗವ್ವ ಗೋಡೆ ಹಿಡಿದು ಎದ್ದರು. ಮಗನ ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟರು.

“ಹೇಳಬೇಕಿತ್ತೋ ನನ್ನಪ್ಪಾ. ಎದಿ ಒಡಕೊಂಡರೂ ತಡಕೊಂತಿದ್ನಿ. ಅಪ್ಪನ್ನ ಉಳಸಾಕ ಹೋದಾಂವ ನೀ.” ಅಷ್ಟು ಹೇಳಿ ಕೈ ಹಿಂದೆಗೆದುಕೊಂಡರು. “ಆದ್ರ ಮಿರಜದಾಗೂ ಒಬ್ಬಾಕಿ ತಾಯಿ ಅದಾಳು. ಆಕಿ ಮಗನ್ನ ಗಲ್ಲಿಗೇರಸಾಕ ಹೊಂಟಿದ್ದೆಲ್ಲೋ, ಅದನ್ನ ನಾ ಹೆಂಗ ತಡಕೊಳ್ಳಲಿ?”

ತಾಯಿ ಫೌಜದಾರರ ಕಡೆ ತಿರುಗಿದರು.

“ಮೊದಲ ಆ ಹುಡುಗನ್ನ ಬಿಡ್ರಿ ಸಾಹೇಬ್ರ. ಆಮ್ಯಾಲ ಇಂವನ್ನ ಕರಕೊಂಡ ಹೋಗ್ರಿ.”

ಫೌಜದಾರರು ಆಕೆ ಹೇಳಿದ ಕ್ರಮದಲ್ಲೇ ನಡೆದರು. ಕಾಡಪ್ಪ ಸೈಕಲ್ ಮೇಲೆ ಹೋಗಿ ಆದಪ್ಪನನ್ನು ಲಾಕಪ್ಪಿನಿಂದ ಬಿಟ್ಟು ಬಂದ. ಸಂಜೆ ಆರಕ್ಕೆ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದದ್ದು ಮತ್ತು ನಿರಪರಾಧಿಯ ಮೇಲೆ ಸುಳ್ಳು ಆರೋಪ ನಡೆಸಿದ್ದು ಎಂಬ ಎರಡು ಅಪರಾಧಗಳಿಗೆ ಗುರುಸಿದ್ಧಪ್ಪನ ಬಂಧನವಾಯಿತು. ಕೇಸ್ ಡೈರಿಯಲ್ಲಿ ಮೊದಲನೆಯ ಅಪರಾಧಕ್ಕೆ ಕಾರಣ ಬರೆಯುವಾಗ ಚೌಗುಲೆಯವರ ಕೈ ತಡೆಯಿತು. ದ್ವೇಷವಿಲ್ಲ, ಆಸ್ತಿಯ ಆಸೆಯಿಲ್ಲ. ತಂದೆಯ ಮೇಲೆ ಪ್ರೀತಿಯಿತ್ತು, ತಂದೆಯ ಭಯ ಅದಕ್ಕಿಂತ ದೊಡ್ಡದಿತ್ತು ಎಂದು ಬರೆದು ರುಜು ಹಾಕಿದರು. ಎರಡನೆಯದಕ್ಕೆ ಬರೆಯುವುದು ಕಷ್ಟವಾಗಲಿಲ್ಲ. ತಾಯಿಯ ಎದುರು ನಿಲ್ಲಲಾರದೆ ಮಾಡಿದ್ದು, ಎಂದು ಬರೆದರು.