ಬಂದ್ನಿ ಡಬ್ಬಿ

ಬೆಳಗಿನ ಆರೂವರೆಗೆ ಆರನೆಯ ಕೋಣೆಯ ಗೋಡೆಯ ಮೇಲಿದ್ದ ಡಬ್ಬಿ ಸಣ್ಣಗೆ ಉಸಿರುಬಿಟ್ಟಿತು. ಮೂಲೆಯಲ್ಲಿ ಮುದುಡಿ ಮಲಗಿದ್ದ ಅಲ್ಸೇಷನ್ ನಾಯಿಯ ಮೂಗು ಮೊದಲು ಎಚ್ಚರವಾಯಿತು, ಆಮೇಲೆ ಕಿವಿ, ಕಡೆಗೆ ಬಾಲ. ಅದು ಎದ್ದು ನಿಂತು ಗಾಳಿಯನ್ನು ಎರಡು ಸಲ ಹೀರಿತು, ಒಮ್ಮೆ ಸೀನಿತು, ನಿಶ್ಚಿಂತೆಯಿಂದ ತಟ್ಟೆಗೆ ಮುಖ ಹಾಕಿತು.

“ನೋಡ್ರಿ ಅಕ್ಕಾರ,” ಎಂದಳು ನಾಯಿ ವಸತಿ ನೋಡಿಕೊಳ್ಳುವ ಫಕ್ಕೀರವ್ವ. “ನಿನ್ನಿ ಇದರ ಮಾಲಕ ಊರ ಅಗಸಿಗೆ ಬಂದಿದ್ದ. ಇವತ್ತ ಓಣಿ ತಿರುವಿನ್ಯಾಗ ಅದಾನ. ನಾಳೆ ಬಾಗಿಲಿಗೇ ಬರ್ತಾನ. ಮನಷಾ ಇನ್ನೂ ದುಬೈದಾಗ ಕುಂತಾನ, ಆ ಮಾತು ಬ್ಯಾರೆ.”

ಡಾ. ನೀಲಾಂಬಿಕಾ ಕುಸುಗಲ್ಲ ನಕ್ಕಳು. ಆ ಡಬ್ಬಿ ಆಕೆಯ ತಲೆಯಿಂದ ಹುಟ್ಟಿದ್ದು. ಎರಡು ಸಾವಿರದ ಅರವತ್ತೊಂದರ ಆ ಹೊತ್ತಿಗೆ ದೇಶದ ನಾಯಿ ವಸತಿಗಳಲ್ಲೆಲ್ಲ ಅದು ನೇತಾಡುತ್ತಿತ್ತು. ಪ್ರಬಂಧಗಳಲ್ಲಿ ಅದರ ಹೆಸರು ‘ವಿಲೋಮ ಗಂಧಮಾಪಕ’. ಧಾರವಾಡದ ಮಂದಿಗೆ ಅಷ್ಟುದ್ದದ ಹೆಸರು ಉಚ್ಚರಿಸಲು ಪುರಸೊತ್ತಿರಲಿಲ್ಲ. ಅವರು ಅದನ್ನು ‘ಬಂದ್ನಿ ಡಬ್ಬಿ’ ಎಂದರು. ಬಾಗಿಲ ಹೊರಗಿನಿಂದ “ಬಂದ್ನೋ, ಬಂದ್ನಿ” ಎಂದು ಕೂಗುತ್ತಾ ಬರುವ ಯಜಮಾನನ ಕೆಲಸವನ್ನು ಅದು ಮಾಡುತ್ತಿತ್ತಲ್ಲ.

ತತ್ವ ಸರಳ. ನಾಯಿ ಗಡಿಯಾರ ನೋಡುವುದು ಮೂಗಿನಿಂದ. ಯಜಮಾನ ಮನೆ ಬಿಟ್ಟಮೇಲೆ ಅವನ ವಾಸನೆ ಗಂಟೆಗಂಟೆಗೂ ತೆಳುವಾಗುತ್ತದೆ. ಅದು ಎಷ್ಟು ತೆಳುವಾದಾಗ ಅವನು ವಾಪಸಾಗುತ್ತಾನೆ ಎಂಬ ಲೆಕ್ಕ ನಾಯಿಗೆ ಬಾಯಿಪಾಠ. ಆ ಗೆರೆ ದಾಟಿ ವಾಸನೆ ಇಳಿಯುತ್ತಲೇ ಹೋದರೆ ಅದರ ಜಗತ್ತು ಕತ್ತಲಾಗುತ್ತದೆ. ನೀಲಾಂಬಿಕೆ ಈ ಗಡಿಯಾರದ ಮುಳ್ಳನ್ನು ಹಿಂದುಮುಂದು ಮಾಡಿದ್ದಳು. ಯಜಮಾನನ ಬೆವರಿನ ಗಂಧಾಣುಗಳನ್ನು, ಎಂದರೆ ಗಾಳಿಯಲ್ಲಿ ತೇಲುವ ವಾಸನೆಯ ಕಣಗಳನ್ನು, ಡಬ್ಬಿ ಒಂದೊಂದಾಗಿ ಗುರುತಿಸಿ ತಾನೇ ತಯಾರಿಸುತ್ತಿತ್ತು. ಮೊದಲ ದಿನ ಕೂದಲೆಳೆಯಷ್ಟು, ಮರುದಿನ ಇನ್ನಷ್ಟು. ದಿನ ಕಳೆದಂತೆ ವಾಸನೆ ಏರುತ್ತ ಹೋದರೆ ನಾಯಿಯ ಮಟ್ಟಿಗೆ ಯಜಮಾನ ದೂರ ಹೋಗುತ್ತಿಲ್ಲ, ಹತ್ತಿರ ಬರುತ್ತಿದ್ದಾನೆ. ಹಿಂದಿರುಗುವ ದಿನ ಬೆಳಿಗ್ಗೆ ಪೂರ್ತಿ ವಾಸನೆ. ಅದರ ಬೆನ್ನಿಗೇ ಪೂರ್ತಿ ಯಜಮಾನ.

ಇದರ ಹಿಂದೆ ಒಂದು ಕೊರಳಪಟ್ಟಿಯ ಕತೆಯಿತ್ತು. ಓದುವ ಕಾಲದಲ್ಲಿ ನೀಲಾಂಬಿಕೆ ತನ್ನ ಮೊದಲ ನಾಯಿಯನ್ನು ಒಂಬತ್ತು ದಿನ ವಸತಿಯಲ್ಲಿ ಬಿಟ್ಟುಹೋಗಿದ್ದಳು. ಹೊದಿಕೆಯ ಮೇಲಿನ ಆಕೆಯ ವಾಸನೆ ಆರಿಹೋದ ದಿನ ಅದು ಅನ್ನ ಬಿಟ್ಟಿತು. ಆಕೆ ಬಂದಾಗ ಅವಳ ಕೈಗೆ ಕೊಟ್ಟದ್ದು ಬರೀ ಕೊರಳಪಟ್ಟಿ.

ಅದಕ್ಕೇ ಡಬ್ಬಿಗೆ ಆಕೆ ಒಂದು ಕಟ್ಟಳೆ ಹಾಕಿದ್ದಳು. ಬರುವ ತಾರೀಖು ಒಮ್ಮೆ ಕೊಟ್ಟರೆ ಮುಗಿಯಿತು. ಬದಲಿಸುವಂತಿಲ್ಲ. ನಾಯಿಗೆ ಕೊಟ್ಟ ಮಾತಿಗೆ ಸಾಕ್ಷಿ ಇರುವುದಿಲ್ಲ, ಹಾಗಾಗಿ ಡಬ್ಬಿಯೇ ಸಾಕ್ಷಿಯಾಗಬೇಕು. ಯಂತ್ರದ ಒಳಗನ್ನು ಕಟ್ಟಿದ ಎಂಜಿನಿಯರ್ ಮುರಿಗೆಪ್ಪ, ಕಾಲೇಜಿನಲ್ಲಿ ಆಕೆಗಿಂತ ಎರಡು ವರ್ಷ ಕಿರಿಯ, ಆಗ ಎದೆ ಮುಟ್ಟಿಕೊಂಡು ಹೇಳಿದ್ದ, “ನೀಲಕ್ಕಾ, ನಿನ್ನ ಕಟ್ಟಳಿ ಅಂದ್ರ ಕಲ್ಲಾಗ ಕೊರದಂಗ.”

ಇವತ್ತು ಆಕೆ ‘ತವರುಮನಿ’ಗೆ ಬಂದದ್ದು ತನ್ನ ನಾಯಿಯನ್ನೇ ಬಿಡುವುದಕ್ಕೆ. ನವಲೂರ ದಾರಿಯ ಈ ವಸತಿಗೆ ಆ ಹೆಸರಿಟ್ಟವಳು ಫಕ್ಕೀರವ್ವನೇ. “ಗಂಡನ ಮನ್ಯಾವ್ರು ಕರ್ಯಾಕ ಬರೂತನಕ ಉಂಡು ಮಕ್ಕೊಂಡು ಇರ್ರಿ” ಎಂದು ನಾಯಿಗಳಿಗೆ ಹೇಳುತ್ತಿದ್ದಳು. ಮುಂಜಾನೆ ಪ್ರತಿ ಕೋಣೆಯ ಮುಂದೆ ನಿಂತು ಆಯಾ ಯಜಮಾನರ ದನಿಯಲ್ಲಿ ಮಾತಾಡಿಸುವುದು ಅರವತ್ತು ದಾಟಿದ ಆಕೆಯ ಚಾಳಿ. ಬ್ಯಾಂಕ್ ಮ್ಯಾನೇಜರನ ಗೊಗ್ಗರು ಗಂಟಲು, ಸಂಗೀತದ ಮೇಡಂ ಅವರ ಎಳೆದಾಟ, ವಕೀಲರ ಕೆಮ್ಮು, ಎಲ್ಲ ಬರುತ್ತಿತ್ತು.

“ನಾಯಿ ನಂಬ್ತಾವೇನು?” ಎಂದು ನೀಲಾಂಬಿಕೆ ಒಮ್ಮೆ ಕೇಳಿದ್ದಳು.

“ಎಲ್ಲೀದ್ರಿ! ವಾಸನಿ ನಂದು, ದನಿ ಅವರದು. ಮುದುಕಿ ಆಟ ಕಟ್ಟ್ಯಾಳ ಅಂತ ಬಾಲ ಬಡೀತಾವು. ನಂಬ್ಸೂದು ನಿಮ್ಮ ಡಬ್ಬಿ ಕೆಲಸ.”

ನೀಲಾಂಬಿಕೆಯ ನಾಯಿಯ ಹೆಸರು ಗಿರ್ಮಿಟ್. ಮುಧೋಳದ ಕಾಲು, ಪಾಮೆರೇನಿಯನ್ ಬಾಲ, ಯಾವ ದೇಶದ್ದೆಂದು ತಿಳಿಯದ ಒಂದು ಜೊತೆ ಕಿವಿ. ಆ ಹೆಸರಿನ ತಿಂಡಿಯಲ್ಲಿ ಮಂಡಕ್ಕಿಗೆ ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಹಿಟ್ಟು ಕಲಸಿದಂತೆ ದೇವರು ಅದನ್ನು ಕಲಸಿದ್ದ. ಆಕೆ ಮೂರು ವಾರದಿಂದ ಅದನ್ನು ತಯಾರು ಮಾಡಿದ್ದಳು. ಚುಚ್ಚುಮದ್ದು ಹಾಕಿಸಿದ್ದಾಯಿತು. ಎರಡು ಸಲ ಅರ್ಧ ದಿನ, ಒಂದು ಸಲ ಇಡೀ ರಾತ್ರಿ ಇಲ್ಲಿ ಬಿಟ್ಟು ರೂಢಿ ಮಾಡಿಸಿದ್ದಾಯಿತು. ಡಬ್ಬಿಗೆ ವಾಸನೆ ಕೊಡಲು ಏಳು ರಾತ್ರಿ ಒಂದೇ ಹತ್ತಿಯ ಅಂಗಿ ತೊಟ್ಟು ಮಲಗಿದ್ದಾಯಿತು. ಏಳನೆಯ ದಿನ ಆಕೆಯ ವಾಸನೆ ಆಕೆಗೇ ಬೇಡವಾಗಿತ್ತು. ಗಿರ್ಮಿಟ್‌ಗೆ ಮಾತ್ರ ಆ ಅಂಗಿ ಹಬ್ಬದ ಹೋಳಿಗೆ.

ಫಕ್ಕೀರವ್ವ ಡಬ್ಬಿ ಸಿಕ್ಕಿಸಿದಳು. ನೀಲಾಂಬಿಕೆ ತಾರೀಖು ಕೊಟ್ಟಳು. ಹತ್ತನೆಯ ದಿನ, ಗುರುವಾರ. ಬಿಟ್ಟುಹೋಗುವಾಗ ಅಪ್ಪುಗೆ ಅಳು ಯಾವುದೂ ಕೂಡದೆಂಬ ನಿಯಮವನ್ನೂ ಬರೆದವಳು ಆಕೆಯೇ. ಹಳೆಯ ಒಂದು ಚಪ್ಪಲಿಯನ್ನು ಗಿರ್ಮಿಟ್‌ನ ಮುಂದಿಟ್ಟು, “ಗುರುವಾರ ಬರ್ತೀನಲೇ” ಎಂದಷ್ಟೇ ಹೇಳಿ ತಿರುಗಿ ನೋಡದೆ ಹೊರಟಳು.

ಹೋದದ್ದು ಶಿಲ್ಲಾಂಗಿಗೆ. ಪ್ರಾಣಿ ಸಾಕಣೆಯವರಿಗೆ ಡಬ್ಬಿಯನ್ನು ವಿವರಿಸಬೇಕೆಂದು ಕರೆದಿದ್ದರು. ನೂರು ಭಾಷೆಯ ಜನ ಸೇರಿದ್ದರಿಂದ ಎಲ್ಲರ ಕಿವಿಯಲ್ಲೂ ಒಂದೊಂದು ಅನುವಾದಕ ಯಂತ್ರ. ಅದು ಯಾರ ಮಾತನ್ನಾದರೂ ಹಳೆಯ ಸರ್ಕಾರಿ ಸುತ್ತೋಲೆಯ ಕನ್ನಡದಲ್ಲಿ ಉಸುರುತ್ತಿತ್ತು. ಒಂದು ಮಧ್ಯಾಹ್ನ ಯಾರೋ ಆಕಳಿಸಿದ್ದಕ್ಕೆ ಅದು, “ಸದಸ್ಯರು ಬಾಯಿಯನ್ನು ವಿಸ್ತರಿಸಿರುತ್ತಾರೆ” ಎಂದಿತು.

ಒಂಬತ್ತನೆಯ ದಿನ ನಿಜವಾದ ಸಂಗತಿ ಹೊರಬಿತ್ತು. ಶಿಶುಪಾಲನಾ ಮಂಡಳಿಯ ಅಧ್ಯಕ್ಷೆ ಎದ್ದುನಿಂತರು. ಯಂತ್ರ ಹೇಳಿತು, “ಮಾತೆಯರು ದುಡಿಮೆಗೆ ತೆರಳಿದ ತರುವಾಯ ಕೂಸುಗಳು ರೋದಿಸುವುದನ್ನು ತಡೆಗಟ್ಟುವ ಸಲುವಾಗಿ ಸದರಿ ಡಬ್ಬಿಯನ್ನು ಶಿಶುವಿಹಾರಗಳಲ್ಲಿ ಅಳವಡಿಸತಕ್ಕದ್ದೆಂಬ ಪ್ರಸ್ತಾವವಿದೆ. ಶುಕ್ರವಾರದಿಂದ ವಿಚಾರಣೆ.”

ನೀಲಾಂಬಿಕೆ ಕಿವಿಯ ಯಂತ್ರವನ್ನು ಕಿತ್ತಿಟ್ಟಳು. ಬರದ ತಾಯಿಯನ್ನು ಬರುತ್ತಿದ್ದಾಳೆಂದು ಕೂಸಿಗೆ ನಂಬಿಸುವುದೇ? ಇದನ್ನು ತಡೆಯಲೇಬೇಕು. ತಡೆಯಬೇಕೆಂದರೆ ಉಳಿಯಬೇಕು. ಆದರೆ ನಾಳೆಯೇ ಗುರುವಾರ. ಆಕೆ ಮುರಿಗೆಪ್ಪನಿಗೆ ಫೋನು ಮಾಡಿದಳು.

“ಮುರಿಗ್ಯಾ, ನೀನ ಹೋಗಿ ಗಿರ್ಮಿಟ್‌ನ ಮನಿಗೆ ಕರಕೊಂಡು ಬಾ. ಡಬ್ಬಿ ಲೆಕ್ಕದಾಗ ನಾಳೆ ನಾ ಬಾಗಿಲಿಗೆ ಬರ್ತೀನಿ. ನಾ ಬರಾಕ ಆಗಂಗಿಲ್ಲ.”

“ಅದಕ್ಯಾಕ ಇಷ್ಟ ಒದ್ದಾಡ್ತೀ ಅಕ್ಕಾ? ಮುಂದೂಡು ಗುಂಡಿ ಒತ್ತು.”

“ಯಾವ ಗುಂಡಿ?”

 ಆ ಕಡೆ ತೊದಲು ಶುರುವಾಯಿತು. “ಅಂದ್ರ… ಎಂಟು ತಿಂಗಳಾತು. ಮಂದಿ ಭಾಳ ಕೇಳಿದ್ರು. ಯಾರದೋ ವಿಮಾನ ತಪ್ಪತೈತಿ, ಯಾರದೋ ಮದುವಿ ಮುಂದ ಹೋಗತೈತಿ. ಫೋನಿನ್ಯಾಗ ಒಂದು ಗುಂಡಿ ಇಟ್ಟೀನಿ. ಒತ್ತಿದ್ರ ವಾಸನಿ ಹಿಂದಕ್ಕ ಸರಿದು ಮತ್ತ ಮೊದಲಿಂದ ಏರ್ತೈತಿ. ನಿನಗ ಹೇಳಿದ್ರ ನೀ ಒಪ್ಪತಿದ್ದಿಲ್ಲ.”

“ಎಷ್ಟು ಮಂದಿ ಒತ್ತ್ಯಾರ?”

“ನೂರಕ್ಕ ಎಪ್ಪತ್ತು. ಒಂದ ನಾಯಿನೂ ಅನ್ನ ಬಿಟ್ಟಿಲ್ಲ, ಆಣಿ ಮಾಡಿ ಹೇಳ್ತೀನಿ.”

ಹೆಸರಿನಲ್ಲೇ ‘ಮುರಿ’ ಇಟ್ಟುಕೊಂಡವನ ಕೈಗೆ ಮಾತು ಕೊಟ್ಟದ್ದು ನನ್ನ ತಪ್ಪು ಎಂದುಕೊಂಡಳು ನೀಲಾಂಬಿಕೆ. ಆದರೆ ತಮಾಷೆ ನಾಲಿಗೆಯವರೆಗೂ ಬರಲಿಲ್ಲ. ಎಂಟು ತಿಂಗಳು ತನ್ನ ಹೆಸರು ಹೊತ್ತ ಡಬ್ಬಿ ತನ್ನ ಬೆನ್ನ ಹಿಂದೆ ಸುಳ್ಳು ಹೇಳಿತ್ತು. ದಿನಾ ಎದುರು ಕೂತು ಚಹಾ ಕುಡಿದವನು ಒಂದು ಮಾತು ಆಡಿರಲಿಲ್ಲ. “ನೀ ನನಗ ಮನಷಾ ಅಂತ ಕಾಣವಲ್ಲಿ” ಎಂದು ಫೋನು ಕುಕ್ಕಿದಳು. ಗಿರ್ಮಿಟ್‌ನನ್ನು ಕರೆತರುವ ಮಾತು ಅಲ್ಲೇ ಉಳಿಯಿತು. ಮತ್ತೆ ಕರೆ ಮಾಡಲು ಸಿಟ್ಟು ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಈಗ ಆಕೆಯ ಪೂರ್ತಿ ವಾಸನೆ ತವರುಮನಿಯ ಬಾಗಿಲಲ್ಲಿ ನಿಂತಿರುತ್ತದೆ. ಗಿರ್ಮಿಟ್ ಕಾಯುತ್ತಿರುತ್ತದೆ. ಬಾರದಿದ್ದರೆ? ಕೊರಳಪಟ್ಟಿ ಕಣ್ಣಮುಂದೆ ಬಂತು. ಫೋನಿನಲ್ಲಿ ಗುಂಡಿ ಸಿಕ್ಕಿತು, ಹಸಿರು ಬಣ್ಣ, ತುಂಬ ಸೌಮ್ಯವಾದ ಗುಂಡಿ. ಮೂರೇ ದಿನ. ಅದೂ ಇಂಥ ಗುಂಡಿಗಳ ವಿರುದ್ಧ ವಾದಿಸುವುದಕ್ಕಾಗಿ. ಒತ್ತಿದಳು.

ಭಾನುವಾರಕ್ಕೂ ವಿಚಾರಣೆ ಮುಗಿಯಲಿಲ್ಲ. ಮತ್ತೆ ಮೂರು ದಿನಕ್ಕೆ ಒತ್ತಿದಳು.

ಮಂಗಳವಾರ ಆಕೆಯ ಸರದಿ. ಒಂದು ಗಂಟೆ ಮಾತಾಡಿದಳು. ಅಳುವ ಕೂಸಿಗೆ ತಾಯಿ ದೂರವಿದ್ದಾಳೆಂಬ ಸತ್ಯವಾದರೂ ಗೊತ್ತಿರುತ್ತದೆ, ನಗುವ ಕೂಸಿಗೆ ಅದೂ ಇಲ್ಲ, ಮುಂದೂಡುವ ಅನುಕೂಲ ಕೊಟ್ಟರೆ ಜನ ಮುಂದೂಡುತ್ತಲೇ ಹೋಗುತ್ತಾರೆ ಎಂದಳು. ಸಭೆ ತಲೆದೂಗಿತು. ಅಧ್ಯಕ್ಷೆ ಮೆಲ್ಲಗೆ ಏನೋ ಕೇಳಿದರು.

ಯಂತ್ರ ಉಸುರಿತು, “ತಮ್ಮ ಸ್ವಂತ ಶ್ವಾನವು ಪ್ರಸ್ತುತ ಎಲ್ಲಿ ವಾಸ್ತವ್ಯ ಹೂಡಿರುತ್ತದೆ?”

“ವಸತಿಯಲ್ಲಿ.”

“ತಾವು ಗುಂಡಿಯನ್ನು ಅದುಮಿರುವಿರಾ?”

ಆಕೆ ಸುಳ್ಳು ಹೇಳಬಹುದಿತ್ತು. “ಎರಡು ಸಲ,” ಎಂದಳು.

ಅಧ್ಯಕ್ಷೆಯ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಕನಿಕರವಿತ್ತು. “ಸಕಲವನ್ನೂ ಬಲ್ಲ ತಾವೇ ಅದುಮಿದ್ದೀರಿ. ಅಂದ ಬಳಿಕ ಅದು ಅತ್ಯಾವಶ್ಯಕವೆಂದು ರುಜುವಾತಾಯಿತು.”

ಪ್ರಸ್ತಾವ ಪಾಸಾಯಿತು. ಮೊದಲ ಕಂತಿನಲ್ಲಿ ನಾಲ್ಕು ಸಾವಿರ ಶಿಶುವಿಹಾರಗಳು, ಗುಂಡಿಯ ಸಮೇತ.

ಬುಧವಾರ ಮಂಜು ಕವಿದು ವಿಮಾನ ರಾತ್ರಿಯತನಕ ಹೊರಡಲಿಲ್ಲ. ಸಿಟ್ಟು ನುಂಗಿಕೊಂಡು ಮುರಿಗೆಪ್ಪನಿಗೆ, ನಾಳೆ ಒಂಬತ್ತಕ್ಕೆ ತವರುಮನಿಗೆ ಬಾ ಎಂದು ಸಂದೇಶ ಕಳಿಸಿದಳು, ಅವನು ಬರ್ತೀನಿ ಎಂದ. ಕಾಯುವ ಸಾಲಿನಲ್ಲಿ ನಿಂತ ಆಕೆಯ ಹೆಬ್ಬೆರಳು ತಾನಾಗಿಯೇ ಫೋನಿನ ಮೇಲೆ ಹರಿದಾಡಿತು. ಮೂರನೆಯ ಸಲ ಒತ್ತಿದ್ದು ಆಕೆಗೆ ಆಮೇಲೆ ನೆನಪೇ ಇರಲಿಲ್ಲ.

ಗುರುವಾರ ಬೆಳಿಗ್ಗೆ, ಒಂದು ವಾರ ತಡವಾಗಿ, ಆಕೆ ತವರುಮನಿಯ ಗೇಟು ತೆರೆದಳು. ಫಕ್ಕೀರವ್ವ ಕಸಬರಿಗೆ ಬದಿಗಿಟ್ಟು ನಿಂತಳು. ಬೈಯಲಿಲ್ಲ. ಅದೇ ಆಕೆಗೆ ಹೆಚ್ಚು ಚುಚ್ಚಿತು.

“ಹ್ವಾದ ಗುರುವಾರ ಆರೂವರಿಗೆ ಎದ್ದು ಕುಂತತ್ರಿ. ಬಾಯಾಗ ನಿಮ್ಮ ಚಪ್ಪಲಿ. ಹತ್ತರತನಕ ಬಾಗಿಲ ಬಿಟ್ಟು ಕದಲಲಿಲ್ಲ. ಹತ್ತಕ್ಕ ಏನಾತೋ, ಬಾಗಿಲಿಗೆ ಬಂದಾಕಿ ಹೊಳ್ಳಿ ಹೋದಂಗಾತು. ಡಬ್ಬಿಗೆ ಬೊಗಳತು ನೋಡ್ರಿ, ಅಬ್ಬಬ್ಬಾ! ಐತವಾರನೂ ಹಂಗ, ಆದ್ರ ಬೊಗಳಲಿಲ್ಲ. ನಿನ್ನಿ ಏಳಲೇ ಇಲ್ಲ.”

“ಬ್ಯಾರೆ ನಾಯಿಗಳೂ…?”

“ಎಂಟು ತಿಂಗಳಿಂದ ನೋಡಾಕ್ಹತ್ತೀನಿ. ಏಳತಾವು, ಕೂಡತಾವು, ಮತ್ತ ಮಕ್ಕೋತಾವು. ಮುರಿಗೆಪ್ಪನವರಿಗೆ ಹೇಳಿದ್ದೆ. ನಿಮ್ಮ ಡಬ್ಬಿ ಅಲ್ಲೇನ್ರಿ ಅಕ್ಕಾರ, ನಿಮಗ ಗೊತ್ತ ಇರ್ತೈತಿ ಅಂದ್ಕೊಂಡೆ.”

ಕೋಣೆಯೊಳಗೆ ಗಿರ್ಮಿಟ್ ಮುಂಗಾಲ ಮೇಲೆ ಗದ್ದವಿಟ್ಟು ಮಲಗಿತ್ತು. ತಟ್ಟೆ ಖಾಲಿಯಾಗಿತ್ತು. ಮುರಿಗೆಪ್ಪನ ಆಣೆ ಸುಳ್ಳಲ್ಲ, ಅನ್ನ ಬಿಟ್ಟಿರಲಿಲ್ಲ. ನೀಲಾಂಬಿಕೆ ಮಂಡಿಯೂರಿ ಕೂತು ಕೈ ಚಾಚಿದಳು. “ಗಿರ್ಮಿಟ್ಯಾ, ಬಂದ್ನೋ.”

ಮೂಗು ಒಮ್ಮೆ ಅರಳಿತು. ಅದೇ ವಾಸನೆ. ಪೂರ್ತಿ ವಾಸನೆ. ಗಿರ್ಮಿಟ್ ಆಕೆಯನ್ನು ನೋಡಿತು, ಆಮೇಲೆ ಆಕೆಯ ತಲೆಯ ಮೇಲಿನಿಂದ ಗೋಡೆಯ ಡಬ್ಬಿಯನ್ನು ನೋಡಿತು. ಮತ್ತೆ ಗದ್ದ ಊರಿ ಕಣ್ಣು ಮುಚ್ಚಿತು. ಈ ವಾಸನೆ ಹೀಗೆ ಬರುತ್ತದೆ, ಹೋಗುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದರಾಯಿತು ಎಂಬುದನ್ನು ಅದು ಕಲಿತುಬಿಟ್ಟಿತ್ತು.

ಆಕೆ ಮುಟ್ಟಿದಳು. ಅದು ಮೈ ಸರಿಸಲಿಲ್ಲ, ಒರಗಲೂ ಇಲ್ಲ.

ಫಕ್ಕೀರವ್ವನಿಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ನೀಲಾಂಬಿಕೆಯದೇ ದನಿಯಲ್ಲಿ, ಕೊನೆಯಕ್ಷರವನ್ನು ಆಕೆ ಎಳೆಯುವ ಹಾಗೆಯೇ ಎಳೆದು ಕೂಗಿದಳು, “ಏ ಗಿರ್ಮಿಟ್ಯಾಆ, ಬಂದ್ನೋಓ!”

ಗಿರ್ಮಿಟ್ ಎದ್ದಿತು. ಬಾಲ ಬಡಿಯಿತು. ಆಕೆಯ ಪಕ್ಕದಿಂದಲೇ ಹಾದು, ಬರುತ್ತೇನೆಂದು ಹೇಳದೆಯೇ ದಿನಕ್ಕೆ ಮೂರು ಹೊತ್ತು ಬಂದ ಮುದುಕಿಯ ಸೀರೆಗೆ ಮುಖ ಒತ್ತಿ ನಿಂತಿತು.

“ತಪ್ಪಾತ್ರಿ ಅಕ್ಕಾರ,” ಎಂದಳು ಫಕ್ಕೀರವ್ವ, ಈಗ ತನ್ನ ದನಿಯಲ್ಲಿ. “ನಿಮ್ಮ ಕಡೆ ಕಳಸಬೇಕಂತ ಕೂಗಿದೆ.”

ನೀಲಾಂಬಿಕೆ ಎದ್ದು ಡಬ್ಬಿಯನ್ನು ಗೋಡೆಯಿಂದ ಕಿತ್ತಳು. ಬಾಕಿ ಡಬ್ಬಿಗಳ ಗುಂಡಿಯನ್ನು ತೆಗೆಸದೆ ಇವತ್ತು ಇಲ್ಲಿಂದ ಏಳುವುದಿಲ್ಲ ಎಂದುಕೊಂಡು ಮುರಿಗೆಪ್ಪನಿಗೆ ಫೋನು ಮಾಡಿದಳು. ಕೈಯಲ್ಲಿ ಡಬ್ಬಿ ಇದ್ದುದರಿಂದ ಫೋನನ್ನು ನೆಲದ ಮೇಲಿಟ್ಟು ಧ್ವನಿ ಜೋರು ಮಾಡಿದಳು.

“ಎಲ್ಲಿ ಅದೀ? ಒಂಬತ್ತಕ್ಕ ತವರುಮನಿಗೆ ಬರ್ತೀನಿ ಅಂದಿದ್ದಿ.”

“ದಾರ್‍ಯಾಗ ಅದೀನಿ ಅಕ್ಕಾ! ಜುಬಿಲಿ ಸರ್ಕಲ್ ದಾಟಿದೆ. ಐದ ಮಿನಿಟು.”

ಅವನ ದನಿಯ ಹಿಂದೆ ಕುಕ್ಕರು ಎರಡು ಸೀಟಿ ಹೊಡೆಯಿತು. ಯಾರೋ ಹೆಂಗಸು, “ರೀ, ಜಳಕಕ್ಕ ನೀರು ಕಾದೈತಿ” ಎಂದಳು.

ನೀಲಾಂಬಿಕೆ ಕಣ್ಣು ಮುಚ್ಚಿಕೊಂಡಳು. ಆಕೆ ಹುಟ್ಟುವ ಮುಂಚಿನಿಂದಲೂ, ಅಂಗೈಗೆ ಫೋನು ಬಂದ ದಿನದಿಂದಲೂ, ಹಾಸಿಗೆಯಲ್ಲಿ ಬಿದ್ದುಕೊಂಡೇ ಜನ ಸರ್ಕಲ್ಲು ದಾಟುತ್ತಿದ್ದರು. ಡಬ್ಬಿ ಹೊಸದು, ಅಷ್ಟೇ.

“ಕೇಳಸ್ತೇನಕ್ಕಾ? ಬಂದ್ನಿ, ಬಂದ್ನಿ!” ಎಂದ ಮುರಿಗೆಪ್ಪ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಗಿರ್ಮಿಟ್ ಮುದುಕಿಯ ಸೀರೆ ಬಿಟ್ಟು ಒಳಗೆ ಬಂತು. ಫೋನನ್ನು ಒಮ್ಮೆ ಮೂಸಿತು. ತನ್ನ ಮೂಲೆಗೆ ಹೋಗಿ, ಬಾಗಿಲ ಕಡೆ ಬೆನ್ನು ಮಾಡಿ ಮಲಗಿತು.