ಖಾಲಿ ಪಟ್ಟಿಯ ಮುಂದಿನ ಅಂಕಿ

"ನಿಮ್ಮ ಪೇಜ್ ತೆರೆಯೋದ್ರೊಳಗೆ ನಂಗೆ ಗಡ್ಡ ಬೆಳೆಯುತ್ತೆ ಮೇಡಂ!"

ಡೇಟಾಬೇಸ್ ನೋಡಿಕೊಳ್ಳಲು ಹೊಸದಾಗಿ ಬಂದವನು ಮೊದಲ ದಿನವೇ ಹೀಗಂದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ರಕ್ತದಾನಿಗಳ ಆ ವೆಬ್‌ಸೈಟ್ ಬರೆದವಳು ಅವಳೇ. ಯಾವ ಗುಂಪಿನ ದಾನಿಗಳು ಎಷ್ಟಿದ್ದಾರೆಂದು ಪೇಜ್ ತೆರೆದಾಗಲೆಲ್ಲ ಅದು ಮೊದಲಿಂದ ಎಣಿಸುತ್ತಿತ್ತು. ತಡವಾಗದೆ ಇನ್ನೇನು?

ಹಟಕ್ಕೆ ಬಿದ್ದವಳು ಎಣಿಕೆಯನ್ನು ಮೊದಲೇ ಬರೆದಿಡುವಂತೆ ಮಾಡಿದಳು. ದಾನಿ ಸೇರಿದರೆ ಒಂದು ಕೂಡು, ಹೋದರೆ ಒಂದು ಕಳೆ. ಪೇಜ್ ಥಟ್ಟನೆ ತೆರೆಯಿತು!

"ಸೋತೆ ಕಣ್ರೀ" ಎಂದು ನಕ್ಕವನಿಗೆ ಅವಳೂ ಸೋತಳು. ಎರಡೂ ಮನೆಯವರು ಒಪ್ಪಿ ಮದುವೆಯ ಮಾತುಕತೆಯೂ ಮುಗಿಯಿತು.

ಆಮೇಲೆ ಒಂದು ಮಧ್ಯಾಹ್ನ ಆ ಫೋನ್ ಬಂತು.

"ನಮಗೆ ಬೇಕಾದ ಗುಂಪಿನ ಒಂಬತ್ತು ದಾನಿಗಳಿದ್ದಾರೆ ಅಂತಿತ್ತು ನಿಮ್ಮ ಪೇಜು. ನಂಬ್ಕೊಂಡು ಧೈರ್ಯವಾಗಿದ್ವಿ. ಆಪರೇಷನ್ ಹೊತ್ತಿಗೆ ಪಟ್ಟಿ ತೆಗೆದ್ರೆ ಒಬ್ಬರೂ ಇಲ್ಲ! ನನ್ನ ತಂಗಿ ಹೋಗ್ಬಿಟ್ಲಮ್ಮಾ..."

ಅವಳು ಪೇಜ್ ತೆರೆದು ನೋಡಿದಳು, ಖಾಲಿ ಪಟ್ಟಿಯ ಮುಂದೆ ಇನ್ನೂ ಒಂಬತ್ತು ಎಂದೇ ಇತ್ತು. ಅಯ್ಯೋ, ನನ್ನ ಲೆಕ್ಕ ತಪ್ಪಿತಾ? ಒಂದು ಜೀವ ನನ್ನಿಂದ...

ಮ್ಯಾನೇಜರ್ ಆ ವೆಬ್‌ಸೈಟ್‌ನ ಕೆಲಸ ಬಿಡಿಸಿ ಅವಳಿಗೆ ಬೇರೆ ಕೆಲಸ ಕೊಟ್ಟರು. ಊಟ ನಿದ್ದೆ ಬಿಟ್ಟು ಕೋಡ್ ಜಾಲಾಡಿದಳು, ತಪ್ಪು ಸಿಗಲಿಲ್ಲ. ಅವನು ಪಕ್ಕದಲ್ಲೇ ಕೂತು "ಅಳಬೇಡ ಕಣೇ" ಎಂದು ತಲೆ ಸವರುತ್ತಿದ್ದ.

ಕೊನೆಗೊಂದು ಸಂಜೆ ಆಫೀಸಿನ ಮೆಟ್ಟಿಲ ಮೇಲೆ ಅವನು ಬಾಯಿಬಿಟ್ಟ.

"ನಿನ್ನ ಕೋಡ್ ಸರಿಯಾಗೇ ಇದೆ. ಊರು ಬಿಟ್ಟ ದಾನಿಗಳನ್ನ ನಾನೇ ಆತುರಕ್ಕೆ ವೆಬ್‌ಸೈಟ್ ಬಿಟ್ಟು ನೇರವಾಗಿ ಡೇಟಾಬೇಸ್‌ನಲ್ಲಿ ಅಳಿಸಿದೆ. ನಿನ್ನ ಕೋಡ್‌ಗೆ ಅದು ಗೊತ್ತಾಗ್ಲೇ ಇಲ್ಲ. ಅಂಕಿ ಹಾಗೇ ಉಳೀತು."

"ನಿಂಗೆ ಯಾವಾಗ ಗೊತ್ತಾಯ್ತು?"

"ಫೋನ್ ಬಂದ ದಿನವೇ..."

"ಛೀ! ನಾನೇ ಕೊಂದೆ ಅಂತ ಒದ್ದಾಡ್ತಿದ್ದಾಗ ಪಕ್ಕದಲ್ಲೇ ಇದ್ಯಲ್ಲೋ!"

"ನೀನು ಬಿಟ್ಟು ಹೋಗ್ತೀಯ ಅಂತ ಹೆದರಿದೆ. ಈಗ ಮ್ಯಾನೇಜರ್‌ಗೆ ಎಲ್ಲ ಹೇಳಿ ಬಂದೆ. ಕೆಲಸ ಹೋಯ್ತು. ಫೋನ್ ಮಾಡಿದ ಆ ಅಣ್ಣನ ಮನೆಗೂ ಹೋಗ್ಬೇಕು... ಕಾಲೇ ಬರ್ತಿಲ್ಲ."

ಅವಳಿಗೆ ಅವನ ಮೇಲೆ ಅಸಹ್ಯವಾಯಿತು. ಆದರೂ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅದಕ್ಕೆ ತನ್ನ ಮೇಲೂ ಸಿಟ್ಟು ಬಂತು.

"ನಡಿ, ನಾನೂ ಬರ್ತೀನಿ."

"ಕ್ಷಮಿಸಿದ್ಯಾ?"

"ಇಲ್ಲ. ಪ್ರೀತಿ ಇದೆ, ಅದನ್ನ ಏನು ಮಾಡ್ಲಿ?"

ಅವನು ಬಿಕ್ಕಿದ. ಅವನ ಕೈಯನ್ನು ಅವಳು ಹಿಡಿದುಕೊಂಡಳು.

"ಬಿಡಲ್ಲ ತಾನೆ?"

"ಅವರು ಬಾಗಿಲು ತೆಗೆಯೋವರೆಗೂ ಬಿಡಲ್ಲ. ಆಮೇಲೆ ನೀನೊಬ್ಬನೇ ಮಾತಾಡ್ಬೇಕು."